‘ಮೂದಲಿಸು’ ಇಲ್ಲಿ ಒಪ್ಪುತ್ತದೆಯೇ?

ಇಂಗ್ಲಿಷ್ ಚಿತ್ರಕಾರ ಟರ್ನರ್ 1829ರಲ್ಲಿ ಪ್ರದರ್ಶಿಸಿದ ಒಂದು ಚಿತ್ರದ ಹೆಸರನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಂಗ್ಲಿಷಿನಲ್ಲಿ ಅದು ‘ಯುಲಿಸಿಸ್ ಡಿರೈಡಿಂಗ್ ಪಾಲಿಫೀಮಸ್’. ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಆ ‘ಡಿರೈಡಿಂಗ್’ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಗ್ರೀಕ್ ಕವಿ ಹೋಮರನ ‘ಒಡಿಸ್ಸಿ’ಯ ಈ ಕತೆ ನಿಮಗೆ ಗೊತ್ತಿರಬಹುದು. ಒಕ್ಕಣ್ಣ ರಾಕ್ಷಸ ಪಾಲಿಫೀಮಸನ ಕಣ್ಣು ಇರಿದು ಕುರುಡು ಮಾಡಿ ಯುಲಿಸಿಸ್ ಹಡಗು ಹತ್ತಿದ್ದಾನೆ. ಸುಮ್ನೆ ಹೋಗಬಹುದಿತ್ತು. ಹೋಗುವುದಿಲ್ಲ, ಕೂಗಿ ಕೆಣಕುತ್ತಾನೆ. ರಾಕ್ಷಸ ಬೆಟ್ಟದ ತುದಿಯನ್ನೇ ಮುರಿದು ಎಸೆಯುತ್ತಾನೆ. ಇವನು ಮತ್ತೆ ಕೂಗಿ ತನ್ನ ನಿಜವಾದ ಹೆಸರನ್ನೂ ಹೇಳಿಬಿಡುತ್ತಾನೆ. ಹೆಸರು ಸಿಕ್ಕಿದ್ದೇ ತಡ, ರಾಕ್ಷಸ ತನ್ನ ತಂದೆಯಾದ ಸಮುದ್ರದೇವನಿಗೆ ಮೊರೆಯಿಡುತ್ತಾನೆ.

ಚಿತ್ರದಲ್ಲಿ ಈ ಜಗಳವನ್ನು ಹುಡುಕಬೇಕು. ಕಣ್ತುಂಬ ಕಾಣುವುದು ಹೊತ್ತು ಹುಟ್ಟುವ ಬೆಳಕು. ಟರ್ನರ್ ಸೂರ್ಯನಿಗೆ ಕುದುರೆಗಳನ್ನೂ ಬರೆದಿದ್ದಾನೆ. ಬಣ್ಣ ಮಾಸಿ ಅವು ಈಗ ಕಾಣುವುದೇ ಕಷ್ಟ. ಹಡಗಿನ ಮುಂದೆ ಹಣೆಯಲ್ಲಿ ನಕ್ಷತ್ರ ಹೊತ್ತ ಜಲಕನ್ಯೆಯರು. ರಾಕ್ಷಸ ಬೆಟ್ಟದ ಮೇಲೆ ಒರಗಿದ್ದಾನೆ. ಅದು ಮಂಜೋ ಮೈಯೋ ಹೇಳುವುದಕ್ಕಾಗುವುದಿಲ್ಲ. ಯುಲಿಸಿಸ್ ಹಡಗಿನ ಮೇಲೆ ಕೈಯೆತ್ತಿ ನಿಂತ ಪುಟ್ಟ ಆಕೃತಿ, ಅಷ್ಟೇ. ಬೆಟ್ಟವನ್ನೇ ಕೆಣಕುತ್ತಿರುವ ಹಾಗಿದೆ.

‘ಅಣಕಿಸುವ’ ಎಂದರೆ ದನಿ, ನಡೆ ಅನುಕರಿಸಿದ ಹಾಗಾಗುತ್ತದೆ. ‘ಗೇಲಿ’ ತೀರಾ ಹಗುರ. ‘ಹೀಯಾಳಿಸುವ’ ಹತ್ತಿರ ಬರುತ್ತದೆ. ಆದರೆ ಎದುರಿನವನು ಇಲ್ಲದಿದ್ದರೂ ಹೀಯಾಳಿಸಬಹುದು, ಅಲ್ವಾ? ನನ್ನ ಮನಸ್ಸು ‘ಮೂದಲಿಸುವ’ ಕಡೆಗೇ ಎಳೆಯುತ್ತಿದೆ. ರನ್ನನ ಗದಾಯುದ್ಧದಲ್ಲಿ ವೈಶಂಪಾಯನ ಸರೋವರದೊಳಗೆ ಅಡಗಿದ ದುರ್ಯೋಧನನನ್ನು ಹೊರಗೆ ತರುವುದು ಭೀಮನ ಮೂದಲೆ. ಮೂದಲೆ ಎಂದರೆ ಎದುರಾಳಿ ಸುಮ್ಮನೆ ಕೂರಲಾರದ ಹಾಗೆ ಆಡುವ ಮಾತು. ಯುಲಿಸಿಸ್ ಆಡಿದ್ದೂ ಅಂಥದ್ದೇ.

ತೊಡಕು ಇಂದಿನ ಬಳಕೆಯಲ್ಲಿದೆ. ‘ಮಕ್ಕಳಿಲ್ಲ ಅಂತ ಮೂದಲಿಸಿದರು’ ಎನ್ನುವಾಗ ಬಲವಿದ್ದವರು ಇಲ್ಲದವರ ಕೊರತೆ ಎತ್ತಿ ಚುಚ್ಚುತ್ತಾರೆ. ಈ ಅರ್ಥವೇ ಈಗ ಜಾಸ್ತಿ ಕಿವಿಗೆ ಬೀಳುತ್ತದೆ. ಕಣ್ಣು ಕಳೆದುಕೊಂಡವನನ್ನು ಮೂದಲಿಸುವುದು ಎಂದಾಗ ಅದೂ ಸೇರಿಕೊಳ್ಳುತ್ತದೆ. ಅದು ಬಂದರೆ ಬರಲಿ ಎಂದೇ ನನಗನಿಸುತ್ತದೆ. ಕತೆಯಲ್ಲಿ ಆ ಕ್ರೌರ್ಯವೂ ಇದೆ.

‘ಪಾಲಿಫೀಮಸನನ್ನು ಮೂದಲಿಸುವ ಯುಲಿಸಿಸ್’ ಎಂದು ಓದಿದಾಗ ನಿಮಗೆ ಮೊದಲು ಕೇಳಿಸುವುದು ಯುದ್ಧದ ಮೂದಲೆಯೋ, ಮನೆಯೊಳಗಿನ ಚುಚ್ಚುಮಾತೋ? ನಿಮ್ಮ ಊರಿನ ಮಾತಿನಲ್ಲಿ ಇದಕ್ಕೆ ಬೇರೆ ಪದವಿದ್ದರೆ ದಯವಿಟ್ಟು ತಿಳಿಸಿ.