ನಂಬರ್ ಒಂದಕ್ಕೊಂದು ಹೊಂದಿಕೆಯಾಗದ ಇಶಾಪುರ ರೈಫಲ್ ಕೊಳ್ಳಬಹುದಾ?

ಡಲ್ಲಾಸ್ ಕನ್ನಡಿಗ: ಇಲ್ಲಿನ ಗನ್ ಶೋನಲ್ಲಿ ಒಂದು .303 ಲೀ-ಎನ್‌ಫೀಲ್ಡ್ (ಬ್ರಿಟಿಷ್ ಸೇನೆಯ ಹಳೇ ರೈಫಲ್) ನೋಡಿದೆ. ಬಟ್ ಸಾಕೆಟ್ (ಹಿಂದಿನ ಮರ ಸೇರುವ ಲೋಹದ ಭಾಗ) ಮೇಲೆ ಕಿರೀಟ, ಜಿ.ಆರ್.ಐ. (ಚಕ್ರವರ್ತಿ ಜಾರ್ಜ್ ಗುರುತು), ಇಶಾಪುರ (ಬಂಗಾಳದ ರೈಫಲ್ ಕಾರ್ಖಾನೆ), 1942 ಎಂದಿದೆ. ಆದರೆ ಬೋಲ್ಟ್ (ಗುಂಡು ಒಳಗೆ ತಳ್ಳಿ ಮುಚ್ಚುವ ಸರಳು) ನಂಬರ್ ಬೇರೆ, ರಿಸೀವರ್ (ಬೋಲ್ಟ್ ಕೂರುವ ಲೋಹದ ಮೈ) ನಂಬರ್ ಬೇರೆ. ತಗೊಳ್ಳಲಾ?

ಹಳೇ ಕಬ್ಬಿಣ: ಬೇಡ. ಸಂಗ್ರಹಕ್ಕೆ ಇಡುವುದಾದರೆ ಬೋಲ್ಟ್, ರಿಸೀವರ್, ಮೂತಿಯ ಕ್ಯಾಪ್, ಗುರಿ ನೋಡುವ ಹಿಂಬದಿಯ ಸೈಟ್ ಎಲ್ಲದರಲ್ಲೂ ಒಂದೇ ನಂಬರ್ ಇರಬೇಕು. ಸ್ವಲ್ಪ ಕಾದು ಇಂಗ್ಲೆಂಡಿನ ಎನ್‌ಫೀಲ್ಡ್ ಅಥವಾ ಬಿಎಸ್ಎ ಕಾರ್ಖಾನೆ ಮಾಡಿದ್ದನ್ನು ಹುಡುಕಿ.

ಕೋವಿಪ್ರಿಯೆ: ಒಪ್ಪಲ್ಲ ಅಣ್ಣ. ಬ್ರಿಟನ್ 1941ರಿಂದ ‘ನಂಬರ್ 4’ ಎಂಬ ಹೊಸ ಮಾದರಿಗೆ ಹೋದರೂ ಬಂಗಾಳದ ಇಶಾಪುರ ಹಳೆಯ ‘ನಂಬರ್ 1’ ಮಾದರಿಯನ್ನೇ ಮಾಡುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ನಮ್ಮ 25 ಲಕ್ಷಕ್ಕೂ ಹೆಚ್ಚು ಜನ ಸೇನೆಯಲ್ಲಿದ್ದರು. ಅವರ ಕೈಯಲ್ಲಿದ್ದ ಬಂದೂಕಿಗೆ ಇಂಗ್ಲೆಂಡಿನದ್ದಕ್ಕಿಂತ ಕಡಿಮೆ ಬೆಲೆ ಯಾಕೆ? ಭಾಗ ಬದಲಾಗಿದ್ದರೆ ಅದು ದುಡಿದ ಗುರುತು.

ಹಳೇ ಕಬ್ಬಿಣ: ದುಡಿಮೆಯ ಬಗ್ಗೆ ನನಗೂ ಗೌರವ ಇದೆ ಅಕ್ಕ. ಆದರೆ ಸೇನೆಯಿಂದ ಮಾರಾಟವಾದ ಮೇಲೆ ಎಷ್ಟೋ ರೈಫಲ್‌ಗಳಿಗೆ ಆಮದು ಮಾಡಿದವರು ಸಿಕ್ಕ ಸಿಕ್ಕ ಬೋಲ್ಟ್ ಹಾಕಿದ್ದಾರೆ. ಅದನ್ನು ಇತಿಹಾಸ ಅನ್ನೋಕಾಗಲ್ಲ.

ಆರ್ಮರರ್ ಮೈಸೂರು: ನಂಬರ್ ಹತ್ತಿರದಿಂದ ನೋಡಿ. ಸೇನೆಯ ವರ್ಕ್‌ಶಾಪಿನಲ್ಲಿ ಬೋಲ್ಟ್ ಬದಲಿಸಿದರೆ ಸಾಮಾನ್ಯವಾಗಿ ಹಳೆ ನಂಬರ್ ಹೊಡೆದುಹಾಕಿ, ಹೊಸದನ್ನು ಅಚ್ಚು ಹಾಕುತ್ತಿದ್ದರು. ಅಂಥ ಗುರುತು ಇಲ್ಲದಿದ್ದರೆ ಕಬ್ಬಿಣದವರ ಮಾತು ಸರಿ. ಇನ್ನೊಂದು, ಡಿ.ಪಿ. ಎಂದು ಅಚ್ಚಿದ್ದರೆ ಅದು ಕವಾಯತಿಗೆ ಮಾತ್ರ ಇಟ್ಟಿದ್ದ ರೈಫಲ್. ಅದರಲ್ಲಿ ಗುಂಡು ಹಾರಿಸಲೇಬೇಡಿ. ಡಿ.ಪಿ. ಇಲ್ಲದಿದ್ದರೂ ಬೋಲ್ಟ್ ಬೇರೆಯಾದ್ದರಿಂದ ಗನ್‌ಸ್ಮಿತ್ ಹತ್ತಿರ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿಗೂ ಗುಂಡು ಕೂರುವ ಜಾಗಕ್ಕೂ ನಡುವಿನ ಅಂತರ) ಅಳೆಸಿ.

ಹೊಸಬ ಬೆಂಗಳೂರು: ಪಾಕ್-ಅಫ್ಘಾನ್ ಗಡಿಯ ಖೈಬರ್ ಕಣಿವೆಯಲ್ಲಿ ಮಾಡಿದ ನಕಲಿ ರೈಫಲ್‌ಗಳನ್ನು ಹೇಗೆ ಗುರುತಿಸುವುದು ಸರ್? ನಾನೂ ಇಂಥದ್ದು ಇಟ್ಟುಕೊಳ್ಳಬಹುದಾ?

ಆರ್ಮರರ್ ಮೈಸೂರು: ಅಚ್ಚು ಓದಿ. ವಿಕ್ಟೋರಿಯಾ ರಾಣಿ ತೀರಿಕೊಂಡಿದ್ದು 1901ರಲ್ಲಿ. ಈ ಗಿಡ್ಡ ಲೀ-ಎನ್‌ಫೀಲ್ಡ್ ಬಂದಿದ್ದೇ 1903ರ ಹೊತ್ತಿಗೆ. ಅದರ ಮೇಲೆ ವಿ.ಆರ್. (ಆ ರಾಣಿಯ ಗುರುತು) ಇದ್ದರೆ ನಕಲಿ. ಅಕ್ಷರ ತಿರುಗುಮುರುಗು ಇರುವುದೂ ಉಂಟು. ಇನ್ನು ಭಾರತದಲ್ಲಿ .303 ನಿಷೇಧಿತ ಬೋರ್ (ನಳಿಕೆಯ ಅಳತೆ). ಸಾಮಾನ್ಯ ಲೈಸೆನ್ಸಿಗೆ ಸಿಗಲ್ಲ. ಮ್ಯೂಸಿಯಂನಲ್ಲಿ ನೋಡಿ ಕಲಿಯಿರಿ.

ಡಲ್ಲಾಸ್ ಕನ್ನಡಿಗ: ಫೋಟೋ ದೊಡ್ಡದು ಮಾಡಿ ನೋಡಿದೆ. ಬೋಲ್ಟ್ ಮೇಲೆ ಹಳೆ ನಂಬರ್‌ಗೆ ಗೀಟು, ಪಕ್ಕದಲ್ಲಿ ಹೊಸ ನಂಬರ್. ಅದೂ ರಿಸೀವರ್‌ನದ್ದಲ್ಲ. ಡಿ.ಪಿ. ಇಲ್ಲ.

ಹಳೇ ಕಬ್ಬಿಣ: ಹಾಗಾದರೆ ಆ ಬೋಲ್ಟ್‌ಗೆ ಇದು ಮೂರನೇ ರೈಫಲ್! ಬೆಲೆ ಚೆನ್ನಾಗಿ ಇಳಿಸದೆ ಮುಟ್ಟಬೇಡಿ.

ಕೋವಿಪ್ರಿಯೆ: ಬೆಲೆ ಕೇಳಿ, ಆದರೆ ಬಿಡಬೇಡಿ. 1942ರ ರಿಸೀವರ್ ಅಂತೂ ಇಶಾಪುರದ್ದೇ ಅಲ್ವಾ? ತಂದ ಮೇಲೆ ಮರವನ್ನು ಮಾತ್ರ ಸ್ಯಾಂಡ್‌ಪೇಪರ್‌ನಿಂದ ಉಜ್ಜಬೇಡಿ. ತಪಾಸಣೆಯ ಮುದ್ರೆಗಳು ಹೋದರೆ ಮತ್ತೆ ಬರಲ್ಲ. ಹರಳೆಣ್ಣೆ ಸಾಕು, ಅಗಸೆ ಎಣ್ಣೆ ಸಿಕ್ಕರೆ ಇನ್ನೂ ಒಳ್ಳೆಯದು.

ಆರ್ಮರರ್ ಮೈಸೂರು: ಹರಳೆಣ್ಣೆ ಬೇಡ ತಂಗಿ, ಅದು ಅಂಟಾಗುತ್ತದೆ. ಸೇನೆಯಲ್ಲಿ ಹಚ್ಚುತ್ತಿದ್ದುದು ಅಗಸೆ ಎಣ್ಣೆಯೇ. ತೆಳ್ಳಗೆ ಹಚ್ಚಿ.