ನೆಟ್‌ವರ್ಕ್ ಇಲ್ಲದ ದಿನ ಊಟದ ದುಡ್ಡು ಹೇಗೆ ತಗೊಳ್ತೀರಿ?

ಹಿನ್ನೀರ ಮನೆ (ಸಾಗರ ತಾಲ್ಲೂಕು)

ನಮಸ್ಕಾರ. ನಮ್ಮದು ತುಮರಿ ಹತ್ತಿರ ತೋಟದ ಮನೆ. ಎರಡು ರೂಮು ಬಾಡಿಗೆಗೆ ಕೊಡುತ್ತೇವೆ. ಬಂದವರಿಗೆ ಊಟವನ್ನೂ ಹಾಕುತ್ತೇನೆ.

ಶರಾವತಿ ಹಿನ್ನೀರು ದಾಟೋಕೆ ಲಾಂಚ್ ಇದ್ದ ಕಾಲದಲ್ಲಿ ಜನ ದುಡ್ಡು ಹಿಡಿದುಕೊಂಡೇ ಬರುತ್ತಿದ್ದರು. ಆಚೆ ದಡದಲ್ಲಿ ಫೋನ್ ನಂಬಬೇಡಿ ಅಂತ ಹೊಳೆಬಾಗಿಲಲ್ಲಿ ಸರದಿ ಕಾಯುವಾಗಲೇ ಯಾರಾದರೂ ಹೇಳಿರುತ್ತಿದ್ದರು. 2025ರ ಜುಲೈನಲ್ಲಿ ಸೇತುವೆ ಆಯಿತು. ಈಗ ಸಿಗಂದೂರಿಗೆ ಹೋಗುವ ಕಾರು ಎಲ್ಲೂ ನಿಲ್ಲದೆ ಹೊಳೆ ದಾಟುತ್ತದೆ. ಜನ ಜಾಸ್ತಿ ಆಗಿದ್ದಾರೆ, ಅದು ನಮಗೆ ಖುಷಿಯೇ. ಆದರೆ ಎಷ್ಟೋ ಜನರ ಜೇಬಲ್ಲಿ ಫೋನ್ ಬಿಟ್ಟರೆ ಬೇರೇನೂ ಇರುವುದಿಲ್ಲ.

ಮಳೆ ಜೋರಿದ್ದ ಒಂದು ಭಾನುವಾರ ಮೈಸೂರಿನ ಆರು ಜನ ಊಟಕ್ಕೆ ಬಂದರು. ಕೊಟ್ಟೆ ಕಡುಬು, ಅಪ್ಪೆಹುಳಿ ಮಾಡಿದ್ದೆ. ಸಣ್ಣ ಹುಡುಗಿ ಜೋನಿಬೆಲ್ಲ ಎರಡು ಸಲ ಕೇಳಿ ಹಾಕಿಸಿಕೊಂಡಳು. 1,200 ರೂಪಾಯಿ ಆಯಿತು. ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ. ನಮ್ಮಲ್ಲಿ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಆ ಯಜಮಾನರು ಫೋನ್ ಎತ್ತಿ ಹಿಡಿದು ಅಂಗಳ, ದಣಪೆ ಎಲ್ಲ ಸುತ್ತಿ, ಕೊನೆಗೆ ತೋಟದ ಮೇಲಿನ ದರೆ ಹತ್ತಿದರು. ಕೊಡೆ ಹಿಡಿದು ನಾನೂ ಹಿಂದೆ ಹೋದೆ. ಅಲ್ಲಿ ಒಂದು ಕಡ್ಡಿ ಸಿಗ್ನಲ್ ಬಂತು. ಅವರ ಖಾತೆಯಿಂದ ದುಡ್ಡು ಹೋದ ಮೆಸೇಜೂ ಬಂತು. ಅದನ್ನು ತೋರಿಸಿ ಹೊರಟರು. ಮೂರು ದಿನ ಬಿಟ್ಟು ಮನೆಯವರ ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ದುಡ್ಡು ಬಂದೇ ಇಲ್ಲ. ಫೋನ್ ನಂಬರ್ ಇಸಕೊಂಡಿರಲಿಲ್ಲ. ಮೋಸ ಮಾಡಿದರು ಅಂತ ನನಗೆ ಅನಿಸುವುದಿಲ್ಲ. ಆ ಮಳೆಯಲ್ಲಿ, ಆ ಕೆಸರಲ್ಲಿ ದರೆ ಹತ್ತಿದ ಮನುಷ್ಯ.

ನಗದು ಮಾತ್ರ ಅಂತ ಬೋರ್ಡ್ ಹಾಕಲು ಮನಸ್ಸಿಲ್ಲ. ಗೇಟಿನ ಹತ್ತಿರ ಕ್ಯೂಆರ್ ಕಂಡೇ ಎಷ್ಟೋ ಕಾರು ನಿಲ್ಲುತ್ತವೆ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಕೊಡಚಾದ್ರಿ ಜೀಪು

ಅಕ್ಕ, ನಾವು ಹತ್ತಿಸಿಕೊಳ್ಳುವ ಮೊದಲೇ ತಗೊಳ್ತೇವೆ. ಮೇಲೆ ಹೋದ ಮೇಲೆ ಸಿಗ್ನಲ್ ನಂಬಿ ಕೂರೋಕಾಗಲ್ಲ. ದುಡ್ಡು ಬಂತು ಅಂತ ಕೂಗುವ ಸೌಂಡ್‌ಬಾಕ್ಸ್ ಬಾಯಿಬಿಟ್ಟ ಮೇಲೇ ಗಾಡಿ ಸ್ಟಾರ್ಟ್. ಆದರೂ ಯುಪಿಐ ಬಂದಿದ್ದು ನಮಗೆ ದೊಡ್ಡ ಉಪಕಾರ. ಮೊದಲು ಎಂಟು ಜನ ಹುಡುಗರು ಬಂದರೆ ದುಡ್ಡು ಒಟ್ಟು ಮಾಡಿ, ಚಿಲ್ಲರೆ ಹುಡುಕೋಕೇ ಅರ್ಧ ಗಂಟೆ. ಈಗ ಒಬ್ಬ ಹಾಕುತ್ತಾನೆ, ಆಮೇಲೆ ಅವರವರೇ ಹಂಚಿಕೊಳ್ತಾರೆ. ಊಟಕ್ಕೆ ಮೊದಲೇ ದುಡ್ಡು ಕೇಳೋದು ಕಷ್ಟ, ಅದು ಗೊತ್ತು. ರೂಮಿಗಾದರೂ ಅರ್ಧ ಅಡ್ವಾನ್ಸ್ ತಗೊಳ್ಳಿ. ಊರಲ್ಲೇ ಇರುವಾಗ ಅವರಿಗೆ ನೆಟ್ ಇರುತ್ತದಲ್ಲ.

ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ಅಮ್ಮಾ, ಆ ದುಡ್ಡು ಬಹುಶಃ ಅವರ ಖಾತೆಗೇ ವಾಪಸ್ ಹೋಗಿದೆ. ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ. ಖಾತೆಯಿಂದ ಕಡಿತವಾಗಿ ಎದುರಿನವರಿಗೆ ಸೇರದಿದ್ದರೆ, ವ್ಯಕ್ತಿಯಿಂದ ವ್ಯಕ್ತಿಗೆ ಹಾಕಿದ್ದು ಮರುದಿನದೊಳಗೆ, ಅಂಗಡಿಯ ಕ್ಯೂಆರ್‌ಗೆ ಹಾಕಿದ್ದು ಐದು ದಿನದೊಳಗೆ ತಾನಾಗಿ ಹಿಂದಕ್ಕೆ ಹೋಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವೂ ಉಂಟು. ಇದೆಲ್ಲ ದುಡ್ಡು ಹಾಕಿದವರಿಗೆ ಇರುವ ರಕ್ಷಣೆ. ಅವರು ಖಾತೆ ನೋಡಿಕೊಳ್ಳದೇ ಇದ್ದರೆ ನಿಮಗೆ ಬರುವುದಿಲ್ಲ. ಹಾಗಾಗಿ ಇನ್ನು ಮುಂದೆ ಅವರ ಫೋನ್ ನಂಬರ್ ಮತ್ತು ಪೇಮೆಂಟಿನ 12 ಅಂಕಿಯ ನಂಬರ್, ಎರಡನ್ನೂ ಬರೆದಿಟ್ಟುಕೊಳ್ಳಿ.

ಇನ್ನೊಂದು ದಾರಿ, ಫೋನಿನಲ್ಲಿ *99# ಒತ್ತಿ ಯುಪಿಐ ದುಡ್ಡು ಕಳಿಸುವುದು. ಕಾಲ್ ಹೋಗುವಷ್ಟು ಸಿಗ್ನಲ್ ಇದ್ದರೆ ಸಾಕು, ಇಂಟರ್‌ನೆಟ್ ಬೇಡ. ಬ್ಯಾಂಕಿಗೆ ಜೋಡಿಸಿದ ಸಿಮ್‌ನಿಂದಲೇ ಒತ್ತಬೇಕು. ಒಂದು ಸಲಕ್ಕೆ 5,000 ರೂಪಾಯಿ ತನಕ ಕಳಿಸಬಹುದು. ಎಲ್ಲ ಸಿಮ್‌ನಲ್ಲೂ ನಡೆಯುವುದಿಲ್ಲ. ಟವರ್ ಪೂರ್ತಿ ಮಲಗಿದ್ದರೆ ಇದೂ ಇಲ್ಲ. ಯುಪಿಐ ಲೈಟ್ ಇದ್ದರೆ ನೆಟ್ ಬೇಡ ಅಂತ ತುಂಬಾ ಜನ ತಿಳಿದಿದ್ದಾರೆ, ಹಾಗಲ್ಲ. ಅದರಲ್ಲಿ ಪಿನ್ ಒತ್ತುವ ಕೆಲಸ ತಪ್ಪುತ್ತದೆ, ನೆಟ್ ಬೇಕೇ ಬೇಕು.

ತೀರ್ಥಹಳ್ಳಿ ಮಗಳು

ಒಂದು ವಿಷಯ ಕೇಳಲಾ ಅಕ್ಕ, ಕ್ಯೂಆರ್ ಯಾರ ಹೆಸರಲ್ಲಿದೆ? ನಮ್ಮಮ್ಮ ಆಗುಂಬೆ ದಾರಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಪುನರ್ಪುಳಿ ಶರಬತ್ತು ಮಾರುತ್ತಾರೆ. ಎರಡು ವರ್ಷ ಕ್ಯೂಆರ್ ನನ್ನ ತಮ್ಮನ ಹೆಸರಲ್ಲಿತ್ತು. ಅವನಿರುವುದು ಬೆಂಗಳೂರಲ್ಲಿ. ಅವನು ಒಳ್ಳೆಯವನೇ, ಕೇಳಿದಾಗ ಕಳಿಸುತ್ತಿದ್ದ. ಆದರೆ ತಾನು ದುಡಿದಿದ್ದನ್ನು ಅಮ್ಮ ಕೇಳಿ ಪಡೆಯಬೇಕಿತ್ತು. ದಿನಕ್ಕೆ ಎಷ್ಟು ವ್ಯಾಪಾರ ಅನ್ನೋದೂ ಅವರಿಗೆ ಗೊತ್ತಿರಲಿಲ್ಲ. ಈಗ ಅಮ್ಮನ ಖಾತೆಗೇ ಮಾಡಿಸಿದ್ದೇವೆ. ಬಾಕ್ಸ್ ಮೊದಲ ಸಲ ಎಂಬತ್ತು ರೂಪಾಯಿ ಅಂದಾಗ ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಅದನ್ನೇ ನೋಡುತ್ತಾ ನಿಂತಿದ್ದರು.

ಹಿನ್ನೀರ ಮನೆ

ಎಲ್ಲರಿಗೂ ಥ್ಯಾಂಕ್ಸ್. ಜೀಪಿನ ತಮ್ಮ, ನೀನು ಹೇಳಿದ ಹಾಗೆ ರೂಮಿಗೆ ಅರ್ಧ ಅಡ್ವಾನ್ಸ್ ಶುರು ಮಾಡಿದೆ. ಬುಕ್ ಮಾಡಿದವರಿಗೆ ಸ್ವಲ್ಪ ನಗದು ಹಿಡಿದುಕೊಂಡು ಬನ್ನಿ ಅಂತ ಮೆಸೇಜೂ ಹಾಕುತ್ತೇನೆ, ಯಾರೂ ಬೇಜಾರು ಮಾಡಿಕೊಂಡಿಲ್ಲ. ಊಟಕ್ಕೆ ಮಾತ್ರ ಮೊದಲೇ ಕೇಳುವುದಿಲ್ಲ. ಹಸಿದು ಬಂದವರ ಹತ್ತಿರ ಅದು ನನ್ನಿಂದ ಆಗುವುದಿಲ್ಲ. ಅದಕ್ಕೆ ಜಗಲಿಯಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ, ನಂಬರ್ ಬರೆಸಿಕೊಳ್ಳುವುದಕ್ಕೆ.

ತೀರ್ಥಹಳ್ಳಿ ತಂಗಿ, ಕ್ಯೂಆರ್ ನಮ್ಮ ಮನೆಯವರ ಹೆಸರಲ್ಲಿದೆ. ನೀನು ಕೇಳುವ ತನಕ ನಾನು ಯೋಚನೆ ಮಾಡಿರಲಿಲ್ಲ. ಅವರಿಗೂ ಹೇಳಿದೆ, ಸೋಮವಾರ ಇಬ್ಬರೂ ಬ್ಯಾಂಕಿಗೆ ಹೋಗುತ್ತಿದ್ದೇವೆ.

ಸರ್, ನಿನ್ನೆ ನೆಟ್ ಇಲ್ಲದಾಗ ಮನೆಯವರ ಫೋನಿನಲ್ಲಿ *99# ಒತ್ತಿಸಿ ನೋಡಿದೆ. ದರೆ ಹತ್ತುವುದು ಬೇಕಾಗಲಿಲ್ಲ. ಜಗಲಿಯಲ್ಲಿ ಕೂತೇ ಮಗನಿಗೆ ಹತ್ತು ರೂಪಾಯಿ ಹೋಯಿತು.