ವಿಝರ್ಡ್, ಸಾರ್ಸರರ್: ಇಬ್ಬರೂ ಮಂತ್ರವಾದಿಗಳೇನಾ?

ಎಲ್ಲರಿಗೂ ನಮಸ್ಕಾರ. ಎರಡು ಪದಗಳ ವಿಚಾರದಲ್ಲಿ ಒಂದು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೇನೆ. ನಿಮ್ಮ ನೆರವು ಬೇಕು.

'ದಿ ಆರ್ಡರ್ ಆಫ್ ದಿ ಸ್ಟಿಕ್' ಅಂತ ಒಂದು ವೆಬ್‌ಕಾಮಿಕ್, ಅಂದರೆ ಇಂಟರ್ನೆಟ್‌ನಲ್ಲಿ ಬರುವ ಚಿತ್ರಕತೆ, ಇದೆ. ರಿಚ್ ಬರ್ಲ್ಯೂ 2003ರಲ್ಲಿ ಶುರು ಮಾಡಿದ್ದು. ಕೈಕಾಲೆಲ್ಲ ಕಡ್ಡಿಯಂಥ ಗೊಂಬೆಗಳು, ಆದರೆ ಒಳಗಿರುವುದು 'ಡಂಜನ್ಸ್ ಅಂಡ್ ಡ್ರಾಗನ್ಸ್' ಅನ್ನುವ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟದ ಇಡೀ ಲೋಕ. ಭಾನುವಾರ ಸಂಜೆ ನಮ್ಮ ಮನೆಯಲ್ಲಿ ನಾಲ್ಕೈದು ಜನ ಸೇರಿದರೆ ಇದೇ ಮಾತು, ಅದೂ ಕನ್ನಡದಲ್ಲೇ. ತೊಡಕು ಬಂದಿದ್ದು ಅಲ್ಲೇ.

ಕತೆಯಲ್ಲಿ ಮಂತ್ರ ಬಲ್ಲವರು ಹಲವರಿದ್ದಾರೆ. ನನಗೆ ಕಷ್ಟ ಕೊಡುತ್ತಿರುವುದು ಇಬ್ಬರು. ವಾರ್ಸೂವಿಯಸ್ ಎಲ್ಫ್ ಅನ್ನುವ ಚೂಪು ಕಿವಿಯ ಕಾಲ್ಪನಿಕ ಕುಲದ ವಿಝರ್ಡ್. ಝೈಕಾನ್ ಸತ್ತೂ ಸಾಯದೆ ಎಲುಬಿನ ಗೂಡಾಗಿ ಉಳಿದಿರುವ ಸಾರ್ಸರರ್, ಕತೆಯ ಖಳ. ಇಷ್ಟು ದಿನ ಇಬ್ಬರಿಗೂ 'ಮಂತ್ರವಾದಿ' ಅನ್ನುತ್ತಿದ್ದೆವು. ಆಟದ ನಿಯಮದಲ್ಲಿ ಇವು ಬೇರೆ ಬೇರೆ.

ವಿಝರ್ಡ್ ಆಗಬೇಕಾದರೆ ಓದಿ ಕಲಿಯಬೇಕು. ರಾತ್ರಿ ಮಲಗಿ ಎದ್ದು, ಪುಸ್ತಕ ತೆರೆದು, ಆ ದಿನಕ್ಕೆ ಬೇಕಾದ ಮಂತ್ರಗಳನ್ನು ಸಿದ್ಧ ಮಾಡಿಕೊಳ್ಳಬೇಕು. ಒಂದನ್ನು ಬಳಸಿದರೆ ಅದು ಅಲ್ಲಿಗೆ ಮುಗಿಯಿತು. ಇಂದ್ರ ಕೊಟ್ಟ ಶಕ್ತ್ಯಾಯುಧವನ್ನು ಕರ್ಣ ಘಟೋತ್ಕಚನ ಮೇಲೆ ಬಿಟ್ಟುಬಿಟ್ಟ, ಅರ್ಜುನನಿಗೆ ಅಂತ ಇಟ್ಟುಕೊಂಡದ್ದು ಖರ್ಚಾಗಿಹೋಯಿತು, ಹಾಗೆ. ಈ ಹೋಲಿಕೆ ಕೊಟ್ಟ ಮೇಲೆ ನಮ್ಮಲ್ಲಿ ಎಲ್ಲರಿಗೂ ಥಟ್ಟನೆ ಅರ್ಥವಾಯಿತು. ಸಾರ್ಸರರ್‌ಗೆ ಪುಸ್ತಕ ಬೇಡ. ಶಕ್ತಿ ಹುಟ್ಟಿನಿಂದಲೇ ಬಂದದ್ದು. ಗೊತ್ತಿರುವ ಮಂತ್ರ ಕಡಿಮೆ, ಆದರೆ ಅದರಲ್ಲಿ ಯಾವುದನ್ನು ಬೇಕಾದರೂ ಆ ಹೊತ್ತಿಗೆ ಬಳಸಬಹುದು. ಓದಿದವರು ತನ್ನನ್ನು ಕೀಳಾಗಿ ಕಂಡರು ಅನ್ನುವ ಸಿಟ್ಟು ಝೈಕಾನ್‌ನ ಹಿಂದಿನ ಕತೆಯಲ್ಲಿದೆ. ಇಬ್ಬರಿಗೂ ಒಂದೇ ಪದ ಹಾಕಿದರೆ ಆ ಸಿಟ್ಟು ಯಾಕೆ ಅಂತಲೇ ತಿಳಿಯುವುದಿಲ್ಲ.

ನಮ್ಮಲ್ಲಿ ಪದಗಳಿಗೇನೂ ಬರವಿಲ್ಲ. ಮಾಂತ್ರಿಕ, ಮಾಟಗಾರ, ಗಾರುಡಿಗ, ಯಕ್ಷಿಣಿಗಾರ. ಆದರೆ ಇವೆಲ್ಲ ಮಾಡುವ ಕೆಲಸ ನೋಡಿ ಬಂದ ಹೆಸರುಗಳು. ಕೇಡಿಗೆ ಮಾಟ, ಮಗು ಬೆಚ್ಚಿಬಿದ್ದರೆ ಮಂತ್ರ, ಸಂತೆಯಲ್ಲಿ ಕಣ್ಕಟ್ಟು. ಶಕ್ತಿ ಎಲ್ಲಿಂದ ಬಂತು ಅನ್ನುವುದನ್ನು ಯಾವ ಪದವೂ ಹೇಳುವುದಿಲ್ಲ.

ಹಾಗಂತ ಹುಟ್ಟಿನಿಂದ ಬರುವ ಶಕ್ತಿ ನಮ್ಮ ಜನಕ್ಕೆ ಹೊಸದಲ್ಲ. ನಮ್ಮಜ್ಜಿಗೆ ಸೊಂಟ ಹಿಡಿದುಕೊಂಡಾಗ ಹಿಂದಿನ ಬೀದಿಯಿಂದ ಒಬ್ಬ ಹುಡುಗನನ್ನು ಕರೆಸುತ್ತಿದ್ದರು. ಅವನು ಕಾಲು ಮುಂದಾಗಿ ಹುಟ್ಟಿದವನು. ಅಜ್ಜಿ ಚಾಪೆಯ ಮೇಲೆ ಬೋರಲು ಮಲಗಿದರೆ, ಅವನು ಸೊಂಟಕ್ಕೆ ಮೆಲ್ಲಗೆ ಮೂರು ಸಲ ಒದ್ದು, ಒಂದು ಚೂರು ಬೆಲ್ಲ ಇಸಕೊಂಡು ಆಟಕ್ಕೆ ಓಡುತ್ತಿದ್ದ. ಮಂತ್ರ ಇಲ್ಲ, ಗುರು ಇಲ್ಲ. ಅವನಿಗೆ ಬೇರೆ ಹೆಸರೇ ಇರಲಿಲ್ಲ, 'ಕಾಲು ಮುಂದಾಗಿ ಹುಟ್ಟಿದವನು' ಅಷ್ಟೇ. 'ಕೈಗುಣ' ಅನ್ನುವ ಒಳ್ಳೆ ಪದ ಇದೆ. ಆದರೆ ಅದು ಗುಣದ ಹೆಸರು, ಆಳಿನ ಹೆಸರಲ್ಲ.

ನನಗೆ ತೋಚಿದ್ದು ಹೀಗೆ. ವಿಝರ್ಡ್‌ಗೆ 'ಮಂತ್ರವಾದಿ' ಇರಲಿ. ಸಾರ್ಸರರ್‌ಗೆ 'ಹುಟ್ಟು ಮಾಟಗಾರ'. ಹುಟ್ಟು ಕಲಾವಿದ, ಹುಟ್ಟು ಹೋರಾಟಗಾರ ಅಂತೀವಲ್ಲ, ಅದೇ ದಾರಿ. 'ಮಾಟ' ಅಂದರೆ ಕೇಡೇ ಅಲ್ವಾ ಅಂತ ಗೆಳೆಯರೊಬ್ಬರು ತಕರಾರು ತೆಗೆದರು. ಆಡು ಆಟವಾದಂತೆ, ಓಡು ಓಟವಾದಂತೆ, ಮಾಡು ಮಾಟವಾಗಿದೆ. 'ಮೈಮಾಟ'ದಲ್ಲಿ ಕೇಡು ಎಲ್ಲಿದೆ? ಆದರೂ ಕಿವಿಗೆ ಕೆಟ್ಟದ್ದೇ ಕೇಳಿಸುತ್ತದೆ ಅನ್ನುವುದು ನಿಜ. ಝೈಕಾನ್‌ಗೆ ಅದು ಒಪ್ಪುತ್ತದೆ, ಒಳ್ಳೆಯ ಸಾರ್ಸರರ್ ಬಂದರೆ ಕಷ್ಟ.

'ಮಂತ್ರವಾದಿ'ಗೆ ನಾನು ಅಂಟಿಕೊಂಡಿರುವುದಕ್ಕೆ ಇನ್ನೊಂದು ಕಾರಣವಿದೆ. ವಾರ್ಸೂವಿಯಸ್ ಗಂಡೋ ಹೆಣ್ಣೋ ಅನ್ನುವುದನ್ನು ಬರ್ಲ್ಯೂ ಬೇಕೆಂದೇ ಹೇಳಿಲ್ಲ. ಮಾಟಗಾರ ಅಂದರೆ ಗಂಡು, ಮಾಟಗಾತಿ ಅಂದರೆ ಹೆಣ್ಣು. 'ಮಂತ್ರವಾದಿ'ಯಲ್ಲಿ ಆ ತೊಂದರೆ ಇಲ್ಲ. ತೊಂದರೆ ಇರುವುದು ಕ್ರಿಯಾಪದದಲ್ಲಿ. 'ಬಂದರು' ಅಂದರೆ ಮರ್ಯಾದೆ ಬಂದುಬಿಡುತ್ತದೆ. ವಾರ್ಸೂವಿಯಸ್ ಜೊತೆಗಾರ, ಯಾರಿಗೂ ಮರ್ಯಾದೆ ಕೊಡದ ಬೆಲ್ಕರ್ ಬಾಯಲ್ಲಿ ಅದು ಒಗ್ಗುವುದಿಲ್ಲ. ಸದ್ಯಕ್ಕೆ 'ಗೋಡೆ ಸುಟ್ಟಿದ್ದು ವಾರ್ಸೂವಿಯಸ್ಸೇ', 'ಈಗ ಬಂದಿದ್ದು ಯಾಕಂತೆ?' ಅಂತ '-ದ್ದು' ಹಚ್ಚಿ ದಾಟಿಸುತ್ತಿದ್ದೇವೆ. ಎಷ್ಟೋ ಕಡೆ ಚೆನ್ನಾಗಿ ಕೂರುತ್ತದೆ. ಪ್ರತಿ ಸಾಲಿನಲ್ಲೂ ಹಾಗೇ ಹೇಳಿದರೆ ಏನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತದೆ.

ಇಂಗ್ಲಿಷಿನ 'ಕಾಸ್ಟ್' ಪದವನ್ನು ಹಾಗೇ ತಂದು ಮಂತ್ರ 'ಎಸೆದರು' ಅನ್ನುವುದನ್ನು ಮಾತ್ರ ದಯವಿಟ್ಟು ಬಿಡೋಣ. ನಾವು ಮಂತ್ರ ಹಾಕುತ್ತೇವೆ, ತಾಯತ ಮಂತ್ರಿಸಿ ಕೊಡುತ್ತೇವೆ. ಎಸೆಯುವುದು ಕಲ್ಲನ್ನು.

ಈಗ ನನ್ನ ಪ್ರಶ್ನೆ. ಕಲಿಯದೆ, ಹುಟ್ಟಿನಿಂದಲೇ ಇಂಥ ಶಕ್ತಿ ಬಂದವರಿಗೆ ನಿಮ್ಮ ಕಡೆ ಒಂದೇ ಮಾತಿನ ಹೆಸರು ಇದೆಯಾ? ಕಾಲು ಮುಂದಾಗಿ ಹುಟ್ಟಿದವರನ್ನು ಏನಂತ ಕರೆಯುತ್ತಾರೆ? ಮನೆಯಲ್ಲಿ ಹಿರಿಯರಿದ್ದರೆ ಕೇಳಿ ಬರೆಯಿರಿ, ಯಾವ ಊರಿನ ಮಾತು ಅನ್ನುವುದನ್ನೂ ಸೇರಿಸಿ.